ಇಡೋದಾ, ಬಿಡೋದಾ? ಅಟ್ಟದ ಸಾಮಾನಿಗೆ ಕೇಳಬೇಕಾದ ಪ್ರಶ್ನೆಯೇ ಬೇರೆ

ಪ್ರಶ್ನೆ: ನಮ್ಮದು ಎರಡು ಕೋಣೆಯ ಮನೆ. ನಾನು, ಮನೆಯವರು, ಇಬ್ಬರು ಮಕ್ಕಳು. ಅಟ್ಟ, ಬೀರು, ಮಂಚದ ಕೆಳಗೆ, ಎಲ್ಲಿ ನೋಡಿದರೂ ಸಾಮಾನು. ರಜೆ ಬಂದಾಗೆಲ್ಲ ಎಲ್ಲವನ್ನೂ ಕೆಳಗಿಳಿಸಿಕೊಂಡು ಕೂರುತ್ತೇನೆ. ಒಂದೊಂದನ್ನು ಕೈಗೆ ತೆಗೆದುಕೊಂಡಾಗಲೂ 'ಮುಂದೆ ಬೇಕಾಗಬಹುದು' ಅನಿಸುತ್ತದೆ. ಸಂಜೆ ಹೊತ್ತಿಗೆ ಒಂದು ಚೀಲ ಕಸ ಹೊರಗೆ ಹೋಗಿರುತ್ತದೆ, ಉಳಿದದ್ದೆಲ್ಲ ಮತ್ತೆ ಮೇಲೆ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅವರ ಎರಡು ಟ್ರಂಕ್ ನನ್ನ ಹತ್ತಿರ ಇವೆ. ರೇಡಿಯೋ, ಬಟ್ಟೆ, ಪತ್ರಗಳು, ರಿಪೇರಿ ಸಾಮಾನು, ಒಂದಷ್ಟು ಹಳೆಯ ವಿಡಿಯೋ ಕ್ಯಾಸೆಟ್. ಮುಚ್ಚಳ ತೆಗೆಯಲು ಕೈ ಬರುತ್ತಿಲ್ಲ. ಮನೆಯವರು 'ಎಲ್ಲಾ ಎಸೆದುಬಿಡು, ಹಗುರ ಆಗ್ತೀಯ' ಅನ್ನುತ್ತಾರೆ. ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಅನ್ನೋದಕ್ಕೆ ಏನಾದರೂ ಲೆಕ್ಕ ಇದೆಯಾ?

ಉತ್ತರ: ಲೆಕ್ಕ ಇದೆ. ಆದರೆ ಅದಕ್ಕೂ ಮೊದಲು ಒಂದು ಮಾತು. ರಜೆಯ ದಿನಗಳನ್ನೆಲ್ಲ ಇದಕ್ಕೇ ಕೊಟ್ಟವರು ನೀವು, ಆದ್ದರಿಂದ ನಿಮ್ಮದು ಸೋಮಾರಿತನ ಅಂತ ಯಾರೇ ಅಂದರೂ ನಂಬಬೇಡಿ. ಬೇರೆಯವರ ಮನೆ ಜೋಡಿಸಿಕೊಡುವುದೇ ನನ್ನ ಕೆಲಸ. ನಿಮ್ಮ ಹಾಗೆ ಬೆಳಗ್ಗೆ ಇಳಿಸಿ ಸಂಜೆ ಏರಿಸುವವರನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅವರೆಲ್ಲರೂ ಸಾಮಾನಿಗೆ ಕೇಳುವ ಪ್ರಶ್ನೆ ಒಂದೇ, 'ಇದು ಮುಂದೆ ಬೇಕಾಗಬಹುದಾ?'

ಈ ಪ್ರಶ್ನೆಗೆ 'ಇಲ್ಲ' ಅನ್ನುವ ವಸ್ತು ಪ್ರಪಂಚದಲ್ಲೇ ಇಲ್ಲ. ಮುಚ್ಚಳ ಕಳೆದ ಡಬ್ಬ ಬೇಕಾಗಬಹುದು. ತುಕ್ಕು ಹಿಡಿದ ಕೊಕ್ಕೆ ಬೇಕಾಗಬಹುದು. ಯಾವುದರದ್ದು ಅಂತ ಗೊತ್ತಿಲ್ಲದ ಬೀಗದ ಕೈ ಅಂತೂ ಖಂಡಿತ ಬೇಕಾಗಬಹುದು! ಎಲ್ಲರೂ ಪಾಸಾಗುವ ಪರೀಕ್ಷೆ ಇಟ್ಟರೆ ಯಾರನ್ನೂ ಆರಿಸೋಕೆ ಆಗಲ್ಲ, ಅಲ್ವಾ? ನೀವು ಇಡೀ ದಿನ ಕೂತು ಮಾಡುತ್ತಿರುವುದು ಆ ಪರೀಕ್ಷೆಯನ್ನೇ.

ಕೈಗೆ ಬಂದ ವಸ್ತುವನ್ನು ಬಿಡೋದು ಯಾಕೆ ಇಷ್ಟು ಕಷ್ಟ ಅನ್ನೋದಕ್ಕೆ ಒಂದು ಒಳ್ಳೆಯ ಪ್ರಯೋಗ ಇದೆ. 1990ರಲ್ಲಿ ಡೇನಿಯಲ್ ಕಾನ್‌ಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಅನ್ನುವ ಮೂವರು ಸಂಶೋಧಕರು ಸೇರಿ ಪ್ರಕಟಿಸಿದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಒಂದೊಂದು ಮಗ್ ಕೊಟ್ಟರು, ಅಷ್ಟೇ. ಆಮೇಲೆ ಮಗ್ ಇರುವವರಿಗೆ 'ಎಷ್ಟಕ್ಕೆ ಮಾರುತ್ತೀರಿ' ಅಂತ, ಇಲ್ಲದವರಿಗೆ 'ಎಷ್ಟಕ್ಕೆ ಕೊಳ್ಳುತ್ತೀರಿ' ಅಂತ ಕೇಳಿದರು. ಮಗ್ ಅದೇ, ಕ್ಲಾಸೂ ಅದೇ. ಆದರೂ ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು ಇತ್ತು. ಸ್ವಲ್ಪ ಹೊತ್ತಿನ ಹಿಂದೆ ಕೈಗೆ ಬಂದ ಮಗ್‌ನ ಕಥೆ ಇದು. ಹತ್ತು ವರ್ಷದಿಂದ ನಿಮ್ಮ ಅಟ್ಟದಲ್ಲಿರುವ ಸಾಮಾನಿನ ಕಥೆ ಹೇಗಿರಬೇಡ! 'ನನ್ನದು' ಆದ ತಕ್ಷಣ ವಸ್ತುವಿನ ತೂಕ ಮನಸ್ಸಿನಲ್ಲಿ ಏರಿಬಿಡುತ್ತದೆ, ಬಿಡುವುದು ಕಳೆದುಕೊಂಡ ಹಾಗೆ ಅನಿಸುತ್ತದೆ. ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದಾಗ ಆ ನೋವು ಇನ್ನೂ ಜಾಸ್ತಿ.

ಹಾಗಾಗಿ ಲೆಕ್ಕವನ್ನು ತಿರುಗಿಸಿ. ಏನನ್ನು ಎಸೆಯಲಿ ಅಂತ ಹುಡುಕುವುದನ್ನು ಬಿಡಿ, ಏನನ್ನು ಆರಿಸಿಕೊಳ್ಳಲಿ ಅಂತ ಹುಡುಕಿ. ಮಾತಿನ ಆಟ ಅನಿಸಬಹುದು, ಆದರೆ ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ. ಒಂದು ಜಾತಿಯ ಸಾಮಾನನ್ನೆಲ್ಲ, ಅದು ಮನೆಯ ಯಾವ ಮೂಲೆಯಲ್ಲೇ ಇರಲಿ, ಒಂದು ಕಡೆ ತನ್ನಿ. ಕತ್ತರಿ ಅಂದರೆ ಎಲ್ಲಾ ಕತ್ತರಿ. ನೀರಿನ ಬಾಟಲಿ ಅಂದರೆ ಎಲ್ಲಾ ಬಾಟಲಿ. ನೆಲದ ಮೇಲೆ ಹದಿನಾಲ್ಕು ಬಾಟಲಿ ಸಾಲಾಗಿ ನಿಂತಾಗ ಯಾರೂ ಏನೂ ಹೇಳಬೇಕಾಗಿಲ್ಲ. ನಾಲ್ಕು ಜನರ ಮನೆಗೆ ಎಷ್ಟು ಬೇಕು ಅಂತ ಮೊದಲೇ ನಿರ್ಧರಿಸಿ, ಸುಮ್ನೆ ಆರು ಅಂದುಕೊಳ್ಳಿ, ಅದರಲ್ಲಿ ಚೆನ್ನಾಗಿರುವ ಆರನ್ನು ಆರಿಸಿ. ಸೋರುವುದನ್ನು, ವಾಸನೆ ಬರುವುದನ್ನು ಯಾರೂ ಆರಿಸಲ್ಲ. ಒಂದೊಂದೇ ಬಾಟಲಿ ಹಿಡಿದು 'ಇದನ್ನು ಎಸೆಯಲಾ' ಅಂತ ಹದಿನಾಲ್ಕು ಸಲ ನೊಂದುಕೊಳ್ಳುವುದಕ್ಕೂ, ಇದಕ್ಕೂ ಬಹಳ ವ್ಯತ್ಯಾಸ ಇದೆ.

ಎಷ್ಟು ಅನ್ನುವುದನ್ನು ಜಾಗವೇ ಹೇಳಲಿ. ಪುಸ್ತಕಕ್ಕೆ ಎರಡು ಹಲಗೆ ಅಂದರೆ ಎರಡು ಹಲಗೆ, ಅದರಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಮೊದಲು ಕೂರಲಿ, ಆಮೇಲೆ ಅದಕ್ಕಿಂತ ಸ್ವಲ್ಪ ಕಡಿಮೆ ಇಷ್ಟವಾದದ್ದು, ಹಲಗೆ ತುಂಬಿದ ಮೇಲೆ ಉಳಿದದ್ದು ಹೊರಟಿತು ಅಂತ ಅರ್ಥ. ತುಂಬಾ ಜನ ಈ ಹಂತದಲ್ಲಿ ಮಾಡುವ ಕೆಲಸ ಅಂದರೆ ಅಂಗಡಿಗೆ ಹೋಗಿ ಚೆಂದದ ಪ್ಲಾಸ್ಟಿಕ್ ಡಬ್ಬಗಳನ್ನು ತರುವುದು. ದಯವಿಟ್ಟು ಬೇಡ. ಆರಿಸುವ ಕೆಲಸ ಮುಗಿಯುವವರೆಗೂ ಒಂದು ಡಬ್ಬ ಕೂಡ ತರಬೇಡಿ, ತಂದ ಡಬ್ಬವೂ ಸಾಮಾನೇ.

ಆರಿಸುವಾಗ ಕೇಳಬೇಕಾದ ಪ್ರಶ್ನೆ ಎರಡು. ಮೊದಲನೆಯದು ಹಿಂದಿನದು, 'ಇದನ್ನು ಕೊನೆಯ ಸಲ ಯಾವಾಗ ಬಳಸಿದೆ?' ಮುಂದಿನದನ್ನು ಕೇಳಿದರೆ ಮನಸ್ಸು ಕಥೆ ಕಟ್ಟುತ್ತದೆ. ಹಿಂದಿನದಕ್ಕೆ ಉತ್ತರ ಇರುತ್ತದೆ ಅಥವಾ ಇರುವುದಿಲ್ಲ. ಎಲ್ಲಾ ಕಾಲ ಒಂದು ಸುತ್ತು ಬಂದರೂ, ಅಂದರೆ ಒಂದು ವರ್ಷ ಪೂರ್ತಿ ಮುಟ್ಟದೇ ಹೋದರೆ, ಅದು ನಿಮ್ಮ ಬದುಕಿನಿಂದ ಆಗಲೇ ಹೊರಟಾಗಿದೆ. ಮನೆಯಿಂದ ಹೊರಡೋದು ಬಾಕಿ ಅಷ್ಟೇ. ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. 'ಇದು ಬೇಕಾದ ದಿನ, ಇದು ನನ್ನ ಹತ್ತಿರ ಇದೆ ಅಂತ ನೆನಪಾಗುತ್ತದಾ? ನೆನಪಾದರೆ ಹತ್ತು ನಿಮಿಷದಲ್ಲಿ ಸಿಗುತ್ತದಾ?' ಇಲ್ಲ ಅಂದರೆ ಆ ದಿನ ನೀವು ಅಂಗಡಿಗೇ ಹೋಗುತ್ತೀರಿ. ಒಂದೇ ಮನೆಯಲ್ಲಿ ಒಂಬತ್ತು ಅಳತೆ ಟೇಪ್ ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮನೆಯವರಿಗೆ ಅಳತೆ ಟೇಪ್ ಮೇಲೆ ಆಸೆ ಏನೂ ಇರಲಿಲ್ಲ. ಪ್ರತಿ ಸಲವೂ ಇರುವುದು ಸಿಗದೆ ಹೊಸದು ತಂದಿದ್ದರು.

ಈ ಬಳಕೆಯ ಲೆಕ್ಕ ಕೆಲವಕ್ಕೆ ಹೊಂದಲ್ಲ. ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಡಬ್ಬ, ಕರೆಂಟ್ ಹೋದಾಗ ಹಚ್ಚುವ ಟಾರ್ಚ್, ಇವನ್ನು ಬಳಸುವ ಸಂದರ್ಭ ಬರದೇ ಇದ್ದರೇನೇ ಒಳ್ಳೆಯದು. ಅವು ಇರಲಿ, ಆದರೆ ಅವಧಿ ಮುಗಿದಿದೆಯಾ ಅಂತ ಮಾತ್ರ ನೋಡಿ.

ನಿಮ್ಮ ಪತ್ರದಲ್ಲಿ ನೇರವಾಗಿ ಬರೆದಿಲ್ಲ, ಆದರೆ ಸಾಲುಗಳ ನಡುವೆ ಇನ್ನೊಂದು ಭಯ ಕಾಣುತ್ತಿದೆ, 'ವೇಸ್ಟ್ ಆಗುತ್ತಲ್ಲ' ಅನ್ನೋದು. ಇದು ಒಳ್ಳೆಯ ಗುಣ, ಬಿಡಬೇಡಿ. ಆದರೆ ಇಟ್ಟರೆ ವೇಸ್ಟ್ ಆಗಲ್ಲ ಅನ್ನುವ ನಂಬಿಕೆ ತಪ್ಪು. ಸಾಮಾನು ಅಟ್ಟದಲ್ಲಿ ಸುಮ್ನೆ ಕೂತಿರುವುದಿಲ್ಲ, ಹಾಳಾಗುತ್ತಾ ಇರುತ್ತದೆ. ಪಾಲಿಯುರೆಥೇನ್ ಅನ್ನುವ ಮೆತ್ತನೆಯ ಸೋಲ್ ಇರುವ ಶೂ ಗಾಳಿಯಲ್ಲಿನ ತೇವಕ್ಕೇ ಒಳಗಿಂದ ಒಡೆಯುತ್ತದೆ. ಹಾಕಿಕೊಂಡರೂ ಅಷ್ಟೇ, ಪೆಟ್ಟಿಗೆಯಲ್ಲಿ ಇಟ್ಟರೂ ಅಷ್ಟೇ. ಒಬ್ಬರು ಯಾವುದೋ ಒಳ್ಳೆಯ ದಿನಕ್ಕೆ ಅಂತ ಎಂಟು ವರ್ಷ ಕಾದಿಟ್ಟ ಹೊಸ ಶೂ ಹೊರಗೆ ತೆಗೆದರು. ಹಾಕಿಕೊಂಡು ಬಾಗಿಲವರೆಗೆ ನಡೆದರು. ಹಿಂದೆ ನೆಲದ ಮೇಲೆ ಪ್ರತಿ ಹೆಜ್ಜೆಗೂ ಕಪ್ಪು ಪುಡಿ, ಬಾಗಿಲ ಹತ್ತಿರ ಒಂದು ಸೋಲ್ ಇಡಿಯಾಗಿ ಕಳಚಿ ಬಿತ್ತು. ಒಂದು ದಿನವೂ ಯಾರೂ ಮೆಟ್ಟದ ಶೂ. ಅದನ್ನು ಎಂಟು ವರ್ಷದ ಹಿಂದೆ ಯಾರಿಗಾದರೂ ಕೊಟ್ಟಿದ್ದರೆ ಸವೆಯುವ ತನಕ ನಡೆದಾಡಿರುತ್ತಿದ್ದರು. ಎಲಾಸ್ಟಿಕ್ ಬಿಗಿ ಕಳೆದುಕೊಳ್ಳುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ, ಗೋಂದು ಒಣಗುತ್ತದೆ, ಕಾಗದಕ್ಕೆ ಬೆಳ್ಳಿಹುಳು ಬರುತ್ತದೆ. ಇನ್ನೂ ಕೆಲಸಕ್ಕೆ ಬರುವಾಗಲೇ ಕೊಟ್ಟರೆ ಅದು ವೇಸ್ಟ್ ಆಗದ ಹಾಗೆ ನೋಡಿಕೊಂಡ ಹಾಗೆ.

ದುಡ್ಡಿನ ಮಾತೂ ಹೀಗೇ. 'ಅಷ್ಟು ಕೊಟ್ಟು ತಂದಿದ್ದೇನೆ' ಅನ್ನುವ ಕಾರಣಕ್ಕೆ ಇಟ್ಟುಕೊಂಡ ವ್ಯಾಯಾಮದ ಸೈಕಲ್ಲು ಆ ದುಡ್ಡನ್ನು ವಾಪಸ್ ಕೊಡುವುದಿಲ್ಲ. ಅದು ಹೋಯಿತು, ತಂದ ದಿನವೇ ಹೋಯಿತು. ಈಗ ಕೊಡುತ್ತಿರುವುದು ಜಾಗ. ಮಾರಿದರೆ ಒಂದಿಷ್ಟು ಬರಬಹುದು ಅನ್ನುವುದಾದರೆ ಇದೇ ವಾರ ಮಾರಾಟಕ್ಕೆ ಹಾಕಿ, ಎರಡು ವಾರದಲ್ಲಿ ಯಾರೂ ಕೇಳದಿದ್ದರೆ ಸುಮ್ಮನೆ ಕೊಟ್ಟುಬಿಡಿ. 'ಒಳ್ಳೆಯ ಬೆಲೆ ಬಂದಾಗ ಮಾರೋಣ' ಅಂತ ಇಟ್ಟದ್ದು ಮಾರಿಹೋದದ್ದನ್ನು ನಾನಂತೂ ಕಂಡಿಲ್ಲ.

ಬಟ್ಟೆಯ ಬಗ್ಗೆ ಒಂದೇ ಮಾತು. ಎದೆಗೆ ಹಿಡಿದು ನೋಡಬೇಡಿ, ಹಾಕಿಕೊಂಡು ಕನ್ನಡಿ ಮುಂದೆ ನಿಂತು ನೋಡಿ. ಈಗಿನ ಮೈಗೆ ಆಗುತ್ತದಾ, ಹಾಕಿಕೊಂಡು ಈಗಲೇ ಹೊರಗೆ ಹೋಗ್ತೀನಾ? 'ಸಣ್ಣ ಆದ ಮೇಲೆ' ಅನ್ನುವ ಬಟ್ಟೆ ಬೀರು ತೆಗೆದಾಗೆಲ್ಲ ನಿಮ್ಮನ್ನು ಚುಚ್ಚುತ್ತಾ ಇರುತ್ತದೆ. ಅದನ್ನು ಬೆಳಗಿನ ಹೊತ್ತು ದಿನಾ ನೋಡುವ ಅಗತ್ಯ ನಿಮಗಿಲ್ಲ.

ಕಾಗದ ಪತ್ರದಲ್ಲಿ ಮಾತ್ರ ಅವಸರ ಬೇಡ. ಜನನ, ಮದುವೆ, ಮರಣದ ಪ್ರಮಾಣಪತ್ರ, ಓದಿನ ಸರ್ಟಿಫಿಕೇಟು, ಆಸ್ತಿ ಪತ್ರ, ಉಯಿಲು, ಚಾಲ್ತಿಯಲ್ಲಿರುವ ವಿಮೆ, ಇವುಗಳ ಮೂಲ ಪ್ರತಿ ಯಾವತ್ತೂ ಹೋಗಬಾರದು. ತೆರಿಗೆ ಕಾಗದಗಳನ್ನು ನಿಮ್ಮಲ್ಲಿನ ಕಾನೂನು ಎಷ್ಟು ವರ್ಷ ಇಡಬೇಕು ಅನ್ನುತ್ತದೋ ಅಷ್ಟು ವರ್ಷ ಇಡಿ. ಕಟ್ಟಿ ಮುಗಿದ ಬಿಲ್ಲು, ಆನ್‌ಲೈನ್‌ನಲ್ಲಿ ಸಿಗುವ ಬ್ಯಾಂಕ್ ಲೆಕ್ಕ, ಮಾರಿಹೋದ ಯಂತ್ರದ ಕೈಪಿಡಿ, ಇವೆಲ್ಲ ಹೋಗಬಹುದು, ಹೆಸರು ಮತ್ತು ಖಾತೆ ನಂಬರ್ ಇರುವ ಭಾಗವನ್ನು ಚೂರು ಮಾಡಿ. ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅಂಗಡಿಯ ಯಂತ್ರದಿಂದ ಬರುವ ನುಣುಪಾದ ರಸೀದಿಯಲ್ಲಿ ಶಾಯಿ ಇರುವುದಿಲ್ಲ, ಕಾಗದಕ್ಕೆ ಹಚ್ಚಿದ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಕಾಲ ಕಳೆದಂತೆ ಅದು ಮಾಸುತ್ತದೆ. ವಾರಂಟಿಗೆ ಅಂತ ಜೋಪಾನ ಮಾಡಿದ ರಸೀದಿ ಬೇಕಾದ ದಿನ ಬಿಳಿ ಹಾಳೆ ಆಗಿರುತ್ತದೆ. ತಂದ ದಿನವೇ ಫೋಟೋ ತೆಗೆದಿಡಿ.

ಇನ್ನು ವೈರುಗಳ ಚೀಲ. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಎಲ್ಲಾ ವೈರನ್ನೂ ನೆಲಕ್ಕೆ ಸುರಿಯಿರಿ, ಮನೆಯಲ್ಲಿರುವ ಯಂತ್ರಗಳ ಪಕ್ಕಕ್ಕೆ ಒಂದೊಂದನ್ನು ಸೇರಿಸಿ, ಸೇರಿದ್ದಕ್ಕೆ ಕಾಗದ ಅಂಟಿಸಿ ಹೆಸರು ಬರೆಯಿರಿ. ಒಂಟಿಯಾಗಿ ಉಳಿದ ವೈರಿಗೆ ಮನೆಯಲ್ಲಿ ಯಂತ್ರವೇ ಇಲ್ಲ ಅಂತಾಯಿತು. ಅದನ್ನು, ಹಳೆಯ ಫೋನು, ಬ್ಯಾಟರಿಗಳನ್ನು ಮಾಮೂಲಿ ಕಸಕ್ಕೆ ಹಾಕಬೇಡಿ. 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಗಿತ್ತು, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕಿಂತ ಕಡಿಮೆ ಅಂತ ವಿಶ್ವಸಂಸ್ಥೆಯ ಲೆಕ್ಕ ಇದೆ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಿ. ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಬಹುದು, ತುದಿಗಳು ಲೋಹಕ್ಕೆ ತಾಗಿದರೂ ಹತ್ತಬಹುದು, ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ ಕೊಡುವುದು ಅದಕ್ಕೇ. ಡ್ರಾಯರಿನಲ್ಲಿ ಹೊಟ್ಟೆ ಉಬ್ಬಿದ ಹಳೆಯ ಫೋನು ಸಿಕ್ಕರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಚೆನ್ನಾಗಿರುವ ಫೋನನ್ನು ಕೊಡುವಾಗ ಫೋಟೋ ಅಳಿಸಿದರೆ ಸಾಲದು, ಖಾತೆಯಿಂದ ಹೊರಬಂದು ಪೂರ್ತಿ ಫ್ಯಾಕ್ಟರಿ ರೀಸೆಟ್ ಮಾಡಿ. ಗುಂಡಿಯ ಹಾಗಿರುವ ಚಪ್ಪಟೆ ಬ್ಯಾಟರಿ ಸಿಕ್ಕರೆ ಮೊದಲು ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಅಪಾಯ ಅದು.

ಮನೆಯವರ ಸಾಮಾನನ್ನು ನೀವು ಮುಟ್ಟಬೇಡಿ, ನಿಮ್ಮದನ್ನು ಅವರು ಮುಟ್ಟದಿರಲಿ. ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ಒಬ್ಬರು ಕೆಲಸಕ್ಕೆ ಹೋದಾಗ ಇನ್ನೊಬ್ಬರು ಹೊರಗೆ ಹಾಕಿದ ಮನೆಗಳಲ್ಲಿ ಆಮೇಲೆ ವರ್ಷಗಟ್ಟಲೆ ಒಂದು ಹಳೆಯ ಚೀಲವನ್ನೂ ಯಾರೂ ಬಿಡದಂತೆ ಆಗಿದೆ, ಯಾಕೆಂದರೆ ನಂಬಿಕೆಯೇ ಹೋಗಿರುತ್ತದೆ. ಮಕ್ಕಳೂ ಅಷ್ಟೇ. ಅವರ ಚಿತ್ರಗಳಿಗೆ ಒಂದೊಂದು ಪೆಟ್ಟಿಗೆ ಕೊಡಿ, ಅದರಲ್ಲಿ ಏನಿರಬೇಕು ಅಂತ ಅವರೇ ಆರಿಸಲಿ. ಐದು ವರ್ಷದ ಮಗು ಕೂಡ ತನ್ನ ಚಿತ್ರಗಳನ್ನು ನೆಲದ ಮೇಲೆ ಹರಡಿಕೊಂಡು 'ಇದು ಬೇಕು, ಇದು ಬೇಡ' ಅಂತ ದೊಡ್ಡವರಿಗಿಂತ ಬೇಗ ಹೇಳುತ್ತದೆ.

ಆದರೂ ನಿರ್ಧಾರ ಆಗದೇ ಉಳಿಯುವ ಕೆಲವು ಇರುತ್ತವೆ. ಅವಕ್ಕೆ ಒಂದು ರಟ್ಟಿನ ಪೆಟ್ಟಿಗೆ. ಒಂದೇ. ಕಾಗದ ಪತ್ರ, ಫೋಟೋ ಏನೂ ಇಲ್ಲ ಅಂತ ನೋಡಿಕೊಂಡು ಟೇಪ್ ಹಾಕಿ, ಮೇಲೆ ಇವತ್ತಿನ ತಾರೀಖು ಬರೆಯಿರಿ. ಆರು ತಿಂಗಳು ಬಿಟ್ಟು ನೋಡಿದಾಗ ಟೇಪ್ ಹಾಗೇ ಇದ್ದರೆ ಬಿಚ್ಚದೇ ಕಳಿಸಿ. ಬಿಚ್ಚಿದರೆ ಮಗ್‌ನ ಕಥೆ ಮತ್ತೆ ಶುರುವಾಗುತ್ತದೆ.

ಇಡೀ ಅಟ್ಟವನ್ನು ಒಂದೇ ದಿನ ಇಳಿಸುವುದನ್ನು ಇನ್ನು ಬಿಡಿ. ನಿರ್ಧಾರ ಮಾಡುವುದು ಕೂಡ ದುಡಿಮೆಯೇ, ಮಧ್ಯಾಹ್ನದ ಹೊತ್ತಿಗೆ ತಲೆ ಸೋತಿರುತ್ತದೆ, ಸೋತ ತಲೆ ಯಾವಾಗಲೂ 'ಇರಲಿ ಬಿಡು' ಅನ್ನುತ್ತದೆ. ದಿನಕ್ಕೆ ನಲವತ್ತು ನಿಮಿಷ, ಒಂದು ಜಾತಿಯ ಸಾಮಾನು, ಸಾಕು. ಮನಸ್ಸು ಅಂಟದ ಜಾಗದಿಂದ ಶುರು ಮಾಡಿ. ಬಚ್ಚಲಿನ ಗೂಡಿನಲ್ಲಿ ಅವಧಿ ಮುಗಿದ ಶಾಂಪೂ, ಔಷಧಿಯ ಡಬ್ಬ (ಅವಧಿ ಮುಗಿದ ಮಾತ್ರೆಯನ್ನು ನೀರಿಗೆ ಸುರಿಯಬೇಡಿ, ವಾಪಸ್ ತೆಗೆದುಕೊಳ್ಳುವ ಔಷಧಿ ಅಂಗಡಿ ಇದೆಯಾ ಕೇಳಿ), ಆಮೇಲೆ ಪಾತ್ರೆ, ಆಮೇಲೆ ಬಟ್ಟೆ, ಆಮೇಲೆ ಕಾಗದ. ಅಪ್ಪನ ಟ್ರಂಕ್ ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಆರಿಸುವ ಅಭ್ಯಾಸ ಕೈಗೆ ಹತ್ತಿರುತ್ತದೆ. ಹೊರಗೆ ಹೋಗಬೇಕಾದ್ದು ಅವತ್ತೇ ಹೋಗಬೇಕು. ಬಾಗಿಲ ಹಿಂದೆ ಎರಡು ದಿನ ನಿಂತ ಚೀಲದಿಂದ ಸಾಮಾನು ಒಂದೊಂದಾಗಿ ಒಳಗೆ ನಡೆದು ಬರುತ್ತದೆ. ಕೊಡುವುದಾದರೆ ಗೆಳತಿಗೆ ಕೊಡಲು ನಾಚಿಕೆ ಆಗದಂಥದ್ದನ್ನೇ ಕೊಡಿ, ಹರಿದದ್ದು, ಕೆಟ್ಟದ್ದು ಬೇರೆಯವರ ಮನೆ ಸೇರಬಾರದು.

ಈಗ ಅಪ್ಪನ ಟ್ರಂಕ್‌ಗೆ ಬರೋಣ. ನೀವು ನಿಜವಾಗಿ ಕೇಳಿದ್ದು ಇದನ್ನೇ ಅಂತ ನನಗೆ ಅನಿಸುತ್ತದೆ.

ನನ್ನ ಅಮ್ಮ ತೀರಿಕೊಂಡಾಗ ನಾನೂ ಒಂದು ಟ್ರಂಕ್ ತಂದು ಮೇಲಿಟ್ಟಿದ್ದೆ. ಆರು ವರ್ಷ ಮುಟ್ಟಲಿಲ್ಲ. ಇಟ್ಟಿದ್ದೇನೆ ಅನ್ನುವುದೇ ಪ್ರೀತಿ ಅಂತ ಅಂದುಕೊಂಡಿದ್ದೆ. ತೆಗೆದಾಗ ಬಟ್ಟೆಯ ಮಡಿಕೆಗಳೆಲ್ಲ ಹಳದಿಯಾಗಿದ್ದವು, ಅವರ ಲೆಕ್ಕದ ಪುಸ್ತಕದ ಅಂಚುಗಳನ್ನು ಬೆಳ್ಳಿಹುಳು ತಿಂದು ಜಾಲರಿ ಮಾಡಿತ್ತು. ತಳದಲ್ಲಿ ಅವರ ಹೊಲಿಗೆಯ ಕತ್ತರಿ ಇತ್ತು. ಕಬ್ಬಿಣದ ಹಿಡಿ ಹೆಬ್ಬೆರಳಿಗೆ ಒತ್ತುತ್ತದೆ ಅಂತ ಹಿಡಿಯ ಒಂದು ಉಂಗುರಕ್ಕೆ ಅವರು ನೀಲಿ ಬಟ್ಟೆಯ ಪಟ್ಟಿ ಸುತ್ತಿ ಹೊಲಿದುಕೊಂಡಿದ್ದರು. ಹೊಲಿಗೆ ಎಷ್ಟು ಸಣ್ಣದು ಅಂದರೆ ಎಣಿಸಲು ಆಗಲ್ಲ. ಬಟ್ಟೆಯ ಒಳಬದಿ ಅವರ ಬೆರಳು ಆಡಿ ಆಡಿ ನುಣುಪಾಗಿ ಕಪ್ಪಾಗಿತ್ತು. ಅದರಲ್ಲಿ ನನ್ನ ಹೆಬ್ಬೆರಳು ಇಟ್ಟೆ, ಸರಿಯಾಗಿ ಕೂತಿತು. ಆ ಕತ್ತರಿ ಈಗ ನನ್ನ ಮೇಜಿನ ಮೇಲಿದೆ, ದಿನಕ್ಕೆ ಒಂದು ಸಲವಾದರೂ ಕೈಗೆ ಬರುತ್ತದೆ. ಟ್ರಂಕ್ ಹೋಯಿತು, ಬಟ್ಟೆ ಹೋಯಿತು. ಆರು ವರ್ಷ ಇಡೀ ಟ್ರಂಕ್ ಇದ್ದಾಗ ಬರದಷ್ಟು ಅಮ್ಮನ ನೆನಪು ಈಗ ಒಂದು ಕತ್ತರಿಯಿಂದ ಬರುತ್ತದೆ.

ಹಾಗಾಗಿ ಅಪ್ಪನ ಸಾಮಾನಿಗೂ ಅದೇ ಲೆಕ್ಕ, ಆದರೆ ಪ್ರಶ್ನೆ ಬೇರೆ. 'ಇದನ್ನು ಬಳಸಿದ್ದೀನಾ' ಅಂತ ಕೇಳಬೇಡಿ. 'ಅಪ್ಪ ಯಾವುದರಲ್ಲಿ ಜಾಸ್ತಿ ಇದ್ದಾರೆ?' ಅಂತ ಕೇಳಿ. ಅಂಗಡಿಯಿಂದ ತಂದು ಒಂದೆರಡು ಸಲ ಹಾಕಿದ ಅಂಗಿಯಲ್ಲಿ ಅವರು ಅಷ್ಟಾಗಿ ಇರುವುದಿಲ್ಲ. ಅವರ ಕೈಬರಹದಲ್ಲಿ ಇರುತ್ತಾರೆ, ಹಿಡಿ ಸವೆದ ಸ್ಕ್ರೂಡ್ರೈವರ್‌ನಲ್ಲಿ ಇರುತ್ತಾರೆ. ಎರಡೂ ಟ್ರಂಕ್ ಸೇರಿ ನಿಮ್ಮ ಮಡಿಲಲ್ಲಿ ಹಿಡಿಯುವ ಒಂದು ಪೆಟ್ಟಿಗೆಯಷ್ಟು ಆರಿಸಿಕೊಳ್ಳಿ. ರಿಪೇರಿ ಸಾಮಾನಿನಲ್ಲಿ ಕೆಲಸಕ್ಕೆ ಬರುವುದನ್ನು ಆ ಪೆಟ್ಟಿಗೆಗೆ ಹಾಕಲೇಬೇಡಿ, ಮನೆಯ ದಿನದ ಬಳಕೆಗೆ ತಂದುಬಿಡಿ. ಅವರ ಸುತ್ತಿಗೆಯಿಂದ ನಿಮ್ಮ ಮಗ ಒಂದು ಮೊಳೆ ಹೊಡೆಯಲಿ. ಒಬ್ಬರೇ ಕೂರಬೇಡಿ. ಒಡಹುಟ್ಟಿದವರು ಇದ್ದರೆ ಮೊದಲೇ ಕೇಳಿ, ಅವರಿಗೂ ಆರಿಸುವ ಹಕ್ಕಿದೆ. ಅಳು ಬಂದರೆ ಮುಚ್ಚಿ ಎದ್ದುಬಿಡಿ, ಮುಂದಿನ ವಾರ ಮತ್ತೆ ಕೂತರಾಯಿತು. ಈ ಒಂದು ಕೆಲಸಕ್ಕೆ ಗಡುವು ಇಟ್ಟುಕೊಳ್ಳಬೇಡಿ.

ಉಳಿದದ್ದನ್ನು ಕಳಿಸುವ ಮೊದಲು ಫೋಟೋ ತೆಗೆಯಿರಿ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಲವು ಹಾಸ್ಟೆಲ್‌ಗಳಲ್ಲಿ 'ನೆನಪಿನ ವಸ್ತುಗಳನ್ನು ಒಟ್ಟು ಮಾಡಿ ದಾನ ಕೊಡಿ' ಅಂತ, ಇನ್ನು ಕೆಲವು ಕಡೆ 'ಫೋಟೋ ತೆಗೆದುಕೊಂಡು ದಾನ ಕೊಡಿ' ಅಂತ ಹೇಳಿದ್ದರು. ಫೋಟೋ ಮಾತು ಹೇಳಿದ ಕಡೆ ಸುಮಾರು 15% ಜಾಸ್ತಿ ವಸ್ತುಗಳು ಬಂದವು. ವಸ್ತು ಹೋದರೆ ನೆನಪೂ ಹೋಗುತ್ತದೆ ಅನ್ನುವ ಭಯವೇ ನಮ್ಮನ್ನು ಹಿಡಿದಿಟ್ಟಿರುವುದು. ಫೋಟೋದ ಜೊತೆ ಎರಡು ಸಾಲು ಬರೆದಿಡಿ, ಈ ಅಂಗಿ ಯಾವಾಗ ಹಾಕುತ್ತಿದ್ದರು, ಆಗ ಏನನ್ನುತ್ತಿದ್ದರು ಅಂತ. ನಿಮ್ಮ ಮಕ್ಕಳಿಗೆ ಅಂಗಿಗಿಂತ ಆ ಎರಡು ಸಾಲು ಬೇಕಾಗುತ್ತದೆ.

ಪತ್ರಗಳನ್ನು ಬಿಡಬೇಡಿ, ಅವು ಹಿಡಿಯುವ ಜಾಗ ಎಷ್ಟು ಮಹಾ! ರಬ್ಬರ್ ಬ್ಯಾಂಡ್, ಪಿನ್ನು ತೆಗೆದು, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ. ಅಟ್ಟ ಬೇಡ, ನೀವು ಮಲಗುವ ಕೋಣೆಯ ಬೀರುವೇ ಸರಿ. ಕ್ಯಾಸೆಟ್ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಕಾಂತದ ಟೇಪ್ ವರ್ಷ ಕಳೆದಂತೆ ಚಿತ್ರ ಕಳೆದುಕೊಳ್ಳುತ್ತದೆ, ಮೇಲಾಗಿ ಅದನ್ನು ಓದುವ ಯಂತ್ರವೇ ಅಪರೂಪ. ಕೊನೆಯವರೆಗೂ ಆ ಯಂತ್ರವನ್ನು (ವಿಸಿಆರ್) ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಅಪ್ಪನ ದನಿ ಅದರಲ್ಲಿದ್ದರೆ ಮೊದಲು ಡಿಜಿಟಲ್ ಪ್ರತಿ ಮಾಡಿಸಿ, ಎರಡು ಕಡೆ ಉಳಿಸಿ, ಕ್ಯಾಸೆಟ್ ಇಡುವ ಬಿಡುವ ಮಾತು ಆಮೇಲೆ.

ಇನ್ನೊಂದು ಮಾತು ಮೆಲ್ಲಗೆ ಹೇಳುತ್ತೇನೆ. ನಿಮ್ಮ ಪತ್ರ ಓದಿದರೆ ನಿಮ್ಮದು ಅಂಥದ್ದು ಅನಿಸುವುದಿಲ್ಲ. ಆದರೆ ಖಾಲಿ ಡಬ್ಬವನ್ನು ಬಿಡಲೂ ಎದೆ ಹೊಡೆದುಕೊಳ್ಳುತ್ತದೆ, ಮಲಗುವ ಹಾಸಿಗೆಯ ಮೇಲೂ ಒಲೆಯ ಮೇಲೂ ಸಾಮಾನು ಬಂದಿದೆ, ಮನೆಗೆ ಯಾರನ್ನೂ ಕರೆಯಲು ಆಗುತ್ತಿಲ್ಲ ಅನ್ನುವವರಿಗೆ ಈ ಲೆಕ್ಕಗಳು ಸಾಕಾಗುವುದಿಲ್ಲ. ಅದೊಂದು ಕಾಯಿಲೆ, 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿಯೇ ಸೇರಿಸಿತು. ಅದಕ್ಕೆ ಚಿಕಿತ್ಸೆ ಇದೆ. ಬಲವಂತವಾಗಿ ಮನೆ ಖಾಲಿ ಮಾಡಿಸಿದರೆ ಅಂಥವರ ಕಷ್ಟ ಜಾಸ್ತಿಯೇ ಆಗುತ್ತದೆ. ಇದನ್ನು ಓದುತ್ತಿರುವ ಯಾರಿಗಾದರೂ ಹಾಗೆ ಅನಿಸಿದರೆ ಮನೋವೈದ್ಯರ ಹತ್ತಿರ ಹೋಗಲು ಹಿಂಜರಿಯಬೇಡಿ.

ಮನೆಯವರಿಗೆ ಈ ಉತ್ತರ ತೋರಿಸಿ. ಹಗುರ ಆಗಬೇಕು ಅನ್ನುವ ಅವರ ಮಾತು ಸರಿ, 'ಎಲ್ಲಾ' ಅನ್ನುವುದು ಮಾತ್ರ ಸರಿಯಲ್ಲ. ಟ್ರಂಕ್ ತೆಗೆಯುವ ದಿನ ಅವರು ನಿಮ್ಮ ಪಕ್ಕ ಕೂತು ಅಪ್ಪನ ಒಂದೆರಡು ಕಥೆ ಕೇಳಿಸಿಕೊಂಡರೆ ಅದೇ ದೊಡ್ಡ ಸಹಾಯ.

ರೇಡಿಯೋವನ್ನು ಇಟ್ಟುಕೊಳ್ಳಿ ಅಂತಲೇ ನಾನು ಹೇಳುತ್ತೇನೆ, ಕೆಲಸ ಮಾಡದಿದ್ದರೂ ಪರವಾಗಿಲ್ಲ, ಟ್ರಂಕ್‌ನಲ್ಲಿ ಬೇಡ, ಕಣ್ಣಿಗೆ ಕಾಣುವ ಕಡೆ ಇಡಿ. ಕ್ಯಾಸೆಟ್ ಬಿಟ್ಟು ಟ್ರಂಕ್‌ನ ಉಳಿದ ಸಾಮಾನಿಗೆ ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಿ, ಆದರೆ ರೇಡಿಯೋವನ್ನು ಮಾತ್ರ ಈ ವಾರವೇ ಹೊರಗೆ ತೆಗೆಯಿರಿ. ಮೂರು ವರ್ಷದಿಂದ ಒಳಗೆ ಸೆಲ್ ಹಾಗೇ ಇದ್ದರೆ ಅದು ಸೋರಿ ಒಳಗಿನ ಲೋಹದ ಪಟ್ಟಿಗಳನ್ನು ತಿನ್ನಲು ಶುರು ಮಾಡಿರಬಹುದು. ಕೈಗೆ ಗ್ಲೌಸ್ ಹಾಕಿಕೊಂಡು ಹಿಂದಿನ ಮುಚ್ಚಳ ಬಿಚ್ಚಿ ಸೆಲ್ ತೆಗೆಯಿರಿ. ಬಿಳಿ ಪುಡಿ ಕಂಡರೆ ಹತ್ತಿಯ ತುದಿಗೆ ಒಂದು ಹನಿ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ. ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ ನೋಡಿ.